ಝಡ್-ಇಂಡೆಕ್ಸ್ ಜಗ್ಗಾಟ ಸಾಕು: ಡೈಲಾಗ್, ಪಾಪ್‌ಓವರ್, ಆಂಕರ್ ಪೊಸಿಷನಿಂಗ್

ನಾಲ್ಕೈದು ವರ್ಷ ಹಳೆಯದಾದ ಯಾವುದೇ ಪ್ರಾಜೆಕ್ಟಿನ ಸಿಎಸ್‌ಎಸ್ ಫೈಲಿನಲ್ಲಿ ಝಡ್-ಇಂಡೆಕ್ಸ್ (ಯಾವುದು ಯಾವುದರ ಮೇಲೆ ಕಾಣಬೇಕೆಂದು ಹೇಳುವ ಸಂಖ್ಯೆ) ಎಂದು ಹುಡುಕಿ ನೋಡಿ. ಹೆಡರ್‌ಗೆ 100, ಡ್ರಾಪ್‌ಡೌನ್‌ಗೆ 1000, ಮೋಡಲ್‌ಗೆ (ಹಿಂದಿನ ಪೇಜನ್ನು ತಡೆದು ನಿಲ್ಲುವ ಪೆಟ್ಟಿಗೆ) 9999, ಆ ಮೋಡಲ್ ಒಳಗೆ ತೆರೆಯುವ ಡೇಟ್ ಪಿಕರ್‌ಗೆ 99999. ಬಂದವರೆಲ್ಲ ಒಂದೊಂದು 9 ಸೇರಿಸಿ ಹೋಗಿರುತ್ತಾರೆ. ಅಷ್ಟಾದ ಮೇಲೂ ಡ್ರಾಪ್‌ಡೌನ್ ಯಾವುದೋ ಕಾರ್ಡಿನ ಅಂಚಿಗೆ ಬಂದು ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ, ಏಕೆಂದರೆ ಆ ಕಾರ್ಡಿಗೆ ಯಾರೋ ಅಂಚು ಮೀರಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಕೊಟ್ಟಿರುತ್ತಾರೆ.

ಸಂಖ್ಯೆ ದೊಡ್ಡದು ಮಾಡಿದರೆ ಪ್ರಯೋಜನ ಆಗದಿರಲು ಕಾರಣವಿದೆ. ಝಡ್-ಇಂಡೆಕ್ಸ್‌ಗಳ ಹೋಲಿಕೆ ನಡೆಯುವುದು ಒಂದೇ ಸ್ಟ್ಯಾಕಿಂಗ್ ಕಾಂಟೆಕ್ಸ್ಟ್ (ಒಟ್ಟಿಗೆ ಮೇಲೆ-ಕೆಳಗೆ ಜೋಡಿಸುವ ಎಲಿಮೆಂಟುಗಳ ಗುಂಪು) ಒಳಗೆ ಮಾತ್ರ. ಒಂದು ಎಲಿಮೆಂಟಿಗೆ ಟ್ರಾನ್ಸ್‌ಫಾರ್ಮ್, ಫಿಲ್ಟರ್, 1ಕ್ಕಿಂತ ಕಡಿಮೆ ಒಪಾಸಿಟಿ ಇವುಗಳಲ್ಲಿ ಯಾವುದೇ ಒಂದು ಕೊಟ್ಟರೂ ಅದು ಹೊಸ ಕಾಂಟೆಕ್ಸ್ಟ್ ಆಗುತ್ತದೆ. ಆ ಎಲಿಮೆಂಟಿನ ಝಡ್-ಇಂಡೆಕ್ಸ್ 1 ಆಗಿದ್ದರೆ, ಅದರ ಒಳಗಿರುವ 99999 ಕೂಡ ಹೊರಗಿನ 2ರ ಮುಂದೆ ಸೋಲುತ್ತದೆ. ಟ್ರಾನ್ಸ್‌ಫಾರ್ಮ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಒಳಗಿರುವ ಪೊಸಿಷನ್ ಫಿಕ್ಸ್ಡ್ ಎಲಿಮೆಂಟುಗಳು ಸ್ಕ್ರೀನಿಗಲ್ಲ, ಆ ಪೇರೆಂಟಿಗೇ ಅಂಟಿಕೊಳ್ಳುತ್ತವೆ. ಇದರಿಂದ ತಪ್ಪಿಸಿಕೊಳ್ಳಲೆಂದೇ ಲೈಬ್ರರಿಗಳು ಮೋಡಲನ್ನು ಕಿತ್ತು ಬಾಡಿ ಟ್ಯಾಗಿನ ಕೊನೆಗೆ ಸೇರಿಸುವ ರೂಢಿ ಬಂದದ್ದು. ಆಗ ಫೋಕಸ್ ಕ್ರಮ (ಟ್ಯಾಬ್ ಕೀಲಿ ಒತ್ತಿದಾಗ ಎಲಿಮೆಂಟುಗಳಿಗೆ ಬರುವ ಸರದಿ) ಕೆಡುತ್ತದೆ, ಅದನ್ನು ಸರಿಪಡಿಸಲು ಇನ್ನಷ್ಟು ಕೋಡ್ ಬೇಕಾಗುತ್ತದೆ.

ಬ್ರೌಸರುಗಳು ಈಗ ಇದಕ್ಕೆ ಕೊಟ್ಟಿರುವ ಉತ್ತರ ಟಾಪ್ ಲೇಯರ್. ಅದು ಇಡೀ ಪೇಜಿನ ಮೇಲೆ ಬ್ರೌಸರೇ ಇಟ್ಟುಕೊಂಡಿರುವ ಪ್ರತ್ಯೇಕ ಪದರ. ಅದರೊಳಗೆ ಹೋದ ಎಲಿಮೆಂಟಿಗೆ ಪೇರೆಂಟಿನ ಓವರ್‌ಫ್ಲೋ, ಟ್ರಾನ್ಸ್‌ಫಾರ್ಮ್, ಒಪಾಸಿಟಿ ಯಾವುದೂ ತಾಕುವುದಿಲ್ಲ. ಅಲ್ಲಿ ಝಡ್-ಇಂಡೆಕ್ಸ್‌ಗೆ ಅರ್ಥವೇ ಇಲ್ಲ. ಕೊನೆಗೆ ಸೇರಿದ್ದು ಎಲ್ಲಕ್ಕಿಂತ ಮೇಲೆ. ಎಲಿಮೆಂಟ್ ಮಾತ್ರ ಎಚ್‌ಟಿಎಂಎಲ್‌ನಲ್ಲಿ ತಾನಿದ್ದ ಜಾಗದಲ್ಲೇ ಇರುತ್ತದೆ. ಹಾಗಾಗಿ ಫಾಂಟ್, ಕಸ್ಟಮ್ ಪ್ರಾಪರ್ಟಿ ಮುಂತಾದವು ಪೇರೆಂಟಿನಿಂದ ಎಂದಿನಂತೆ ಇಳಿದು ಬರುತ್ತವೆ. ಪೇರೆಂಟಿಗೆ ಡಿಸ್‌ಪ್ಲೇ ನನ್ (none, ಅಂದರೆ ಕಾಣಿಸಬೇಡ) ಕೊಟ್ಟರೆ ಒಳಗಿನ ಡೈಲಾಗ್ ಟಾಪ್ ಲೇಯರಿನಲ್ಲಿದ್ದರೂ ಕಾಣುವುದಿಲ್ಲ. ಮೊಬೈಲಿನಲ್ಲಿ ಸೈಡ್‌ಬಾರ್ ಮರೆಮಾಡಿದಾಗ ಅದರೊಳಗೆ ಬರೆದಿಟ್ಟ ಡೈಲಾಗ್ ತೆರೆಯುತ್ತಿಲ್ಲ ಅನ್ನಿಸಿದರೆ ಮೊದಲು ನೋಡಬೇಕಾದ್ದು ಇದನ್ನೇ.

ಟಾಪ್ ಲೇಯರಿಗೆ ಹೋಗಲು ನಮಗೆ ಮುಖ್ಯವಾಗಿ ಎರಡು ದಾರಿ: ಡೈಲಾಗ್ ಟ್ಯಾಗ್ ಮತ್ತು ಪಾಪ್‌ಓವರ್ ಅಟ್ರಿಬ್ಯೂಟ್. ಯಾವುದಕ್ಕೆ ಯಾವುದು ಎಂಬುದನ್ನು ಒಂದೇ ಪ್ರಶ್ನೆಯಿಂದ ತೀರ್ಮಾನಿಸಬಹುದು. ಇದು ತೆರೆದಿರುವಾಗ ಹಿಂದಿನ ಪೇಜನ್ನು ಮುಟ್ಟಲು ಬಿಡಬೇಕೆ? ಬಿಡಬಾರದು ಎಂದಾದರೆ ಡೈಲಾಗ್. ಬಿಡಬಹುದು ಎಂದಾದರೆ ಪಾಪ್‌ಓವರ್.

ಡೈಲಾಗ್: ಏನು ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ

ಡೈಲಾಗ್ ಟ್ಯಾಗ್ ಕ್ರೋಮ್‌ಗೆ ಬಂದದ್ದು 2014ರಲ್ಲಿ. ಫೈರ್‌ಫಾಕ್ಸ್ 98 ಮತ್ತು ಸಫಾರಿ 15.4 ಎರಡೂ ಮಾರ್ಚ್ 2022ರಲ್ಲಿ ಅದನ್ನು ಸೇರಿಸಿಕೊಂಡವು. ಅಂದರೆ ಇವತ್ತು ಇದನ್ನು ಬಳಸಲು ಯಾವ ಅಳುಕೂ ಬೇಕಿಲ್ಲ.

ಶೋಮೋಡಲ್ ಮೆಥಡ್ ಕರೆದ ಕೂಡಲೇ ಬ್ರೌಸರ್ ಮಾಡುವ ಕೆಲಸ ಸಾಕಷ್ಟಿದೆ. ಡೈಲಾಗನ್ನು ಟಾಪ್ ಲೇಯರಿಗೆ ಒಯ್ಯುತ್ತದೆ, ಹಿಂದೆ ಬ್ಯಾಕ್‌ಡ್ರಾಪ್ ಎಂಬ ಪರದೆ ಹಾಕುತ್ತದೆ, ಪೇಜಿನ ಉಳಿದ ಭಾಗವನ್ನೆಲ್ಲ ಇನರ್ಟ್ (ಮುಟ್ಟಿದರೂ ಒತ್ತಿದರೂ ಸ್ಪಂದಿಸದಂತೆ) ಮಾಡುತ್ತದೆ, ಒಳಗೆ ಫೋಕಸ್ ಆಗಬಲ್ಲ ಮೊದಲ ಎಲಿಮೆಂಟಿಗೆ ಫೋಕಸ್ ಕೊಡುತ್ತದೆ. ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ, ಮುಚ್ಚಿದ ಮೇಲೆ ಫೋಕಸನ್ನು ತೆರೆದ ಬಟನ್ನಿಗೇ ಹಿಂದಿರುಗಿಸುತ್ತದೆ. ಫೋಕಸ್ ಮೋಡಲ್ ಬಿಟ್ಟು ಹೊರಹೋಗದಂತೆ ತಡೆಯುವ ಫೋಕಸ್ ಟ್ರ್ಯಾಪ್ ಲೈಬ್ರರಿ ಬರೆದವರಿಗೆ ಗೊತ್ತು, ಇಷ್ಟನ್ನು ಕೈಯಿಂದ ಸರಿಯಾಗಿ ಮಾಡುವುದು ಎಷ್ಟು ಕಷ್ಟವೆಂದು.

ಇದೆಲ್ಲ ಸಿಗುವುದು ಶೋಮೋಡಲ್ ಕರೆದರೆ ಮಾತ್ರ. ಎಚ್‌ಟಿಎಂಎಲ್‌ನಲ್ಲಿ ಓಪನ್ ಅಟ್ರಿಬ್ಯೂಟ್ ನೇರವಾಗಿ ಹಾಕಿದರೆ ಡೈಲಾಗ್ ಕಾಣಿಸುತ್ತದೆ ಅಷ್ಟೇ. ಟಾಪ್ ಲೇಯರ್ ಇಲ್ಲ, ಬ್ಯಾಕ್‌ಡ್ರಾಪ್ ಇಲ್ಲ, ಹಿಂದಿನ ಪೇಜ್ ಇನರ್ಟ್ ಆಗುವುದಿಲ್ಲ. ಫ್ರೇಮ್‌ವರ್ಕುಗಳಲ್ಲಿ ಸ್ಟೇಟನ್ನು ಓಪನ್ ಅಟ್ರಿಬ್ಯೂಟಿಗೆ ಕಟ್ಟಿಹಾಕುವ ಚಪಲ ಸಹಜ. ಹಾಗೆ ಮಾಡಬೇಡಿ. ಈಗಾಗಲೇ ಹಾಗೆ ತೆರೆದಿರುವ ಡೈಲಾಗಿನ ಮೇಲೆ ಶೋಮೋಡಲ್ ಕರೆದರೆ ಇನ್‌ವ್ಯಾಲಿಡ್ ಸ್ಟೇಟ್ ಎರರ್ ಬೇರೆ ಬರುತ್ತದೆ. ಸ್ಟೇಟ್ ಬದಲಾದಾಗ ಮೆಥಡ್ ಕರೆಯುವುದೇ ಸರಿಯಾದ ದಾರಿ.

ಸಿಎಸ್‌ಎಸ್ ಕಡೆಯಿಂದ ಎರಡು ತೊಂದರೆಗಳು ಪದೇಪದೇ ಬರುತ್ತವೆ. ಒಂದು, ಡೈಲಾಗ್ ಸೆಲೆಕ್ಟರಿಗೆ ನೇರವಾಗಿ ಡಿಸ್‌ಪ್ಲೇ ಫ್ಲೆಕ್ಸ್ ಅಥವಾ ಗ್ರಿಡ್ ಬರೆಯುವುದು. ಮುಚ್ಚಿದ ಡೈಲಾಗ್ ಕಾಣದಿರುವುದಕ್ಕೆ ಕಾರಣ ಬ್ರೌಸರಿನ ಸ್ವಂತ ಸ್ಟೈಲ್‌ಶೀಟಿನಲ್ಲಿರುವ ಡಿಸ್‌ಪ್ಲೇ ನನ್. ನಿಮ್ಮ ಫ್ಲೆಕ್ಸ್ ಅದನ್ನು ಮೀರಿಸುತ್ತದೆ, ಡೈಲಾಗ್ ಪೇಜ್ ಲೋಡ್ ಆಗುವಾಗಲೇ ಬಂದು ಕೂರುತ್ತದೆ. ಓಪನ್ ಅಟ್ರಿಬ್ಯೂಟ್ ಇರುವಾಗ ಮಾತ್ರ ಫ್ಲೆಕ್ಸ್ ಅನ್ವಯಿಸುವಂತೆ ಸೆಲೆಕ್ಟರ್ ಬರೆಯಿರಿ. ಎರಡು, ಎಲ್ಲ ಎಲಿಮೆಂಟುಗಳ ಮಾರ್ಜಿನ್ ಸೊನ್ನೆ ಮಾಡುವ ರೀಸೆಟ್. ಡೈಲಾಗ್ ಸ್ಕ್ರೀನಿನ ನಡುವೆ ನಿಲ್ಲುವುದು ಬ್ರೌಸರ್ ಕೊಟ್ಟ ಮಾರ್ಜಿನ್ ಆಟೊದಿಂದ. ರೀಸೆಟ್ ಅದನ್ನು ಅಳಿಸಿದರೆ ಡೈಲಾಗ್ ಮೂಲೆಗೆ ಹೋಗಿ ನಿಲ್ಲುತ್ತದೆ. ಡೈಲಾಗಿಗೆ ಮಾರ್ಜಿನ್ ಆಟೊ ಮತ್ತೆ ಬರೆದರೆ ಮುಗಿಯಿತು. ಇದಕ್ಕೆ ಟ್ರಾನ್ಸ್‌ಲೇಟ್ ಮೈನಸ್ 50 ಪರ್ಸೆಂಟ್ ಹಾಕುವ ಹಳೇ ತಂತ್ರ ಬೇಡ.

ಹಿಂದಿನ ಪೇಜ್ ಇನರ್ಟ್ ಆದರೂ ಸ್ಕ್ರಾಲ್ ಆಗುತ್ತಲೇ ಇರುತ್ತದೆ. ಇದನ್ನು ಬ್ರೌಸರ್ ತಾನಾಗಿ ನಿಲ್ಲಿಸುವುದಿಲ್ಲ. ಒಳಗೆ ಏನಿದೆ ಎಂಬುದನ್ನು ನೋಡಿ ಎಲಿಮೆಂಟ್ ಆರಿಸುವ ಹ್ಯಾಸ್ ಸೆಲೆಕ್ಟರ್ ಇರುವುದರಿಂದ ಈಗ ಜಾವಾಸ್ಕ್ರಿಪ್ಟ್ ಇಲ್ಲದೆ ಮುಗಿಸಬಹುದು: ಒಳಗೆ ಮೋಡಲ್ ಸ್ಥಿತಿಯ ಡೈಲಾಗ್ ಇರುವ ಎಚ್‌ಟಿಎಂಎಲ್ ರೂಟಿಗೆ ಓವರ್‌ಫ್ಲೋ ಹಿಡನ್ ಎಂದು ಒಂದು ರೂಲ್. ಜೊತೆಗೆ ರೂಟಿಗೆ ಸ್ಕ್ರಾಲ್‌ಬಾರ್-ಗಟರ್ ಸ್ಟೇಬಲ್ ಕೊಡದಿದ್ದರೆ, ಸ್ಕ್ರಾಲ್‌ಬಾರ್ ಮಾಯವಾದಾಗ ಇಡೀ ಪೇಜ್ ಒಂದಿಷ್ಟು ಪಿಕ್ಸೆಲ್ ಪಕ್ಕಕ್ಕೆ ಜಿಗಿಯುತ್ತದೆ.

ಫಾರ್ಮ್ ಟ್ಯಾಗಿಗೆ ಮೆಥಡ್ ಡೈಲಾಗ್ ಎಂದು ಕೊಟ್ಟರೆ ಸಬ್ಮಿಟ್ ಆದಾಗ ಡೇಟಾ ಎಲ್ಲಿಗೂ ಹೋಗುವುದಿಲ್ಲ, ಡೈಲಾಗ್ ಮುಚ್ಚುತ್ತದೆ, ಒತ್ತಿದ ಬಟನ್ನಿನ ವ್ಯಾಲ್ಯೂ ಡೈಲಾಗಿನ ರಿಟರ್ನ್‌ವ್ಯಾಲ್ಯೂಗೆ ಬರುತ್ತದೆ. ಖಚಿತಪಡಿಸುವ ಡೈಲಾಗುಗಳಿಗೆ ಇದಕ್ಕಿಂತ ಚೊಕ್ಕ ವ್ಯವಸ್ಥೆ ಇಲ್ಲ. ಆದರೆ ಇದರಲ್ಲಿ ಅಪಾಯದ ಬಗ್ ಒಂದು ಅಡಗಿದೆ, ಹಂತಹಂತವಾಗಿ ನೋಡಿ. ಬಳಕೆದಾರ ಒಂದು ಫೈಲಿನ ಪಕ್ಕದ ಅಳಿಸು ಬಟನ್ ಒತ್ತುತ್ತಾನೆ. ಡೈಲಾಗ್ ತೆರೆಯುತ್ತದೆ. ಅವನು ಡಿಲೀಟ್ ಎಂಬ ವ್ಯಾಲ್ಯೂ ಇರುವ ಬಟನ್ ಒತ್ತುತ್ತಾನೆ. ಕ್ಲೋಸ್ ಈವೆಂಟಿನಲ್ಲಿ ನಿಮ್ಮ ಕೋಡ್ ರಿಟರ್ನ್‌ವ್ಯಾಲ್ಯೂ ಡಿಲೀಟ್ ಆಗಿದೆಯೇ ನೋಡಿ ಫೈಲ್ ಅಳಿಸುತ್ತದೆ. ಇಲ್ಲಿಯವರೆಗೆ ಸರಿ. ಈಗ ಅವನು ಇನ್ನೊಂದು ಫೈಲಿಗೆ ಅದೇ ಡೈಲಾಗ್ ತೆರೆದು, ಮನಸ್ಸು ಬದಲಾಯಿಸಿ ಎಸ್ಕೇಪ್ ಒತ್ತುತ್ತಾನೆ. ಕ್ಲೋಸ್ ಈವೆಂಟ್ ಆಗಲೂ ಬರುತ್ತದೆ. ಎಸ್ಕೇಪ್ ರಿಟರ್ನ್‌ವ್ಯಾಲ್ಯೂವನ್ನು ಬದಲಿಸುವುದಿಲ್ಲ, ಶೋಮೋಡಲ್ ಕೂಡ ಅದನ್ನು ಖಾಲಿ ಮಾಡುವುದಿಲ್ಲ. ಹಿಂದಿನ ಸಲದ ಡಿಲೀಟ್ ಹಾಗೆಯೇ ಉಳಿದಿದೆ. ಬೇಡವೆಂದ ಫೈಲೂ ಹೋಯಿತು. ಒಂದೇ ಸಲ ತೆರೆದು ಪರೀಕ್ಷಿಸಿದವರಿಗೆ ಇದು ಎಂದೂ ಕಾಣುವುದಿಲ್ಲ. ಪ್ರತಿ ಸಲ ಶೋಮೋಡಲ್ ಕರೆಯುವ ಮುಂಚೆ ರಿಟರ್ನ್‌ವ್ಯಾಲ್ಯೂಗೆ ಖಾಲಿ ಸ್ಟ್ರಿಂಗ್ ಹಾಕಿ. ಇದೊಂದು ಸಾಲು ಕಡ್ಡಾಯ ಎಂದೇ ನನ್ನ ಅಭಿಪ್ರಾಯ.

ಅದೇ ಫಾರ್ಮಿನಲ್ಲಿ ರಿಕ್ವೈರ್ಡ್ ಇನ್‌ಪುಟ್‌ಗಳಿದ್ದರೆ ಕ್ಯಾನ್ಸಲ್ ಬಟನ್ ಕೂಡ ವ್ಯಾಲಿಡೇಶನ್‌ಗೆ ಸಿಕ್ಕಿಬೀಳುತ್ತದೆ: ಹೆಸರು ತುಂಬದೆ ರದ್ದುಮಾಡಲೂ ಆಗದ ಪರಿಸ್ಥಿತಿ. ಕ್ಯಾನ್ಸಲ್ ಬಟನ್ನಿಗೆ ಫಾರ್ಮ್‌ನೋವ್ಯಾಲಿಡೇಟ್ ಹಾಕಿ.

ಹೊರಗೆ ಕ್ಲಿಕ್ ಮಾಡಿದರೆ ಡೈಲಾಗ್ ಮುಚ್ಚಬೇಕು ಎಂಬ ಬೇಡಿಕೆ ಎಲ್ಲ ಕಡೆ ಇರುತ್ತದೆ. ಬ್ಯಾಕ್‌ಡ್ರಾಪ್ ಮೇಲಿನ ಕ್ಲಿಕ್ ಡೈಲಾಗಿನ ಮೇಲಿನ ಕ್ಲಿಕ್ಕಾಗಿಯೇ ಬರುವುದರಿಂದ, ಈವೆಂಟಿನ ಟಾರ್ಗೆಟ್ ಡೈಲಾಗೇ ಆಗಿದ್ದರೆ ಮುಚ್ಚು ಎಂಬ ಎರಡು ಸಾಲಿನ ಕೋಡ್ ಬಹಳ ಕಡೆ ಓಡಾಡುತ್ತಿದೆ. ಅದು ಕೈಕೊಡುವ ಕ್ಷಣ ಇದು: ಬಳಕೆದಾರ ಒಳಗಿನ ಇನ್‌ಪುಟ್‌ನಲ್ಲಿ ಬರೆದದ್ದನ್ನು ಮೌಸಿನಿಂದ ಎಳೆದು ಆಯ್ಕೆ ಮಾಡುತ್ತಾನೆ, ಎಳೆಯುವ ಭರದಲ್ಲಿ ಮೌಸ್ ಡೈಲಾಗಿನ ಹೊರಗೆ ಹೋಗಿ ಅಲ್ಲಿ ಬಟನ್ ಬಿಡುತ್ತಾನೆ. ಒತ್ತಿದ್ದು ಇನ್‌ಪುಟ್ ಮೇಲೆ, ಬಿಟ್ಟದ್ದು ಬ್ಯಾಕ್‌ಡ್ರಾಪ್ ಮೇಲೆ. ಬ್ರೌಸರ್ ಕ್ಲಿಕ್ಕನ್ನು ಎರಡಕ್ಕೂ ಸಮಾನವಾದ ಹತ್ತಿರದ ಪೇರೆಂಟಿಗೆ ಕಳಿಸುತ್ತದೆ. ಅದು ಡೈಲಾಗ್. ಬರೆದದ್ದೆಲ್ಲ ಹೋಯಿತು. ಇದಕ್ಕೆಂದೇ ಈಗ ಕ್ಲೋಸ್ಡ್‌ಬೈ ಅಟ್ರಿಬ್ಯೂಟ್ ಬಂದಿದೆ. ಎನಿ ಎಂದರೆ ಹೊರಗಿನ ಕ್ಲಿಕ್ಕೂ ಎಸ್ಕೇಪೂ ಎರಡೂ ಮುಚ್ಚುತ್ತವೆ; ಕ್ಲೋಸ್‌ರಿಕ್ವೆಸ್ಟ್ ಎಂದರೆ ಎಸ್ಕೇಪ್ ಮಾತ್ರ, ಶೋಮೋಡಲ್‌ನಿಂದ ತೆರೆದದ್ದಕ್ಕೆ ಇದೇ ಡೀಫಾಲ್ಟ್; ನನ್ ಎಂದರೆ ನಿಮ್ಮ ಕೋಡ್ ಮಾತ್ರ. ಒತ್ತಿದ್ದೂ ಬಿಟ್ಟದ್ದೂ ಎರಡೂ ಹೊರಗೇ ಆಗಿದ್ದರಷ್ಟೇ ಎನಿ ಮುಚ್ಚುತ್ತದೆ. ಕ್ರೋಮ್ 134 ಮತ್ತು ಫೈರ್‌ಫಾಕ್ಸ್ 141ರಿಂದ ಇದು ಇದೆ. ಇಲ್ಲದ ಬ್ರೌಸರಿನಲ್ಲಿ ಹೊರಗಿನ ಕ್ಲಿಕ್ ಏನೂ ಮಾಡುವುದಿಲ್ಲ, ಎಸ್ಕೇಪ್ ಮತ್ತು ಮುಚ್ಚುವ ಬಟನ್ ಇದ್ದೇ ಇರುತ್ತವೆ. ಆ ಕೊರತೆಗಾಗಿ ಮೇಲಿನ ಎರಡು ಸಾಲಿನ ಕೋಡಿಗೆ ಮರಳಬೇಡಿ.

ಎಸ್ಕೇಪ್ ಒತ್ತಿದಾಗ ಮುಚ್ಚುವ ಮುಂಚೆ ಬರುವ ಕ್ಯಾನ್ಸಲ್ ಈವೆಂಟ್ ಬಗ್ಗೆ ಎರಡು ಮಾತು. ಉಳಿಸದ ಬದಲಾವಣೆಗಳಿವೆ ಎಂದು ಎಚ್ಚರಿಸಲು ಅದನ್ನು ಪ್ರಿವೆಂಟ್‌ಡೀಫಾಲ್ಟ್ ಮಾಡಿ ತಡೆಯಬಹುದು, ಆದರೆ ಕ್ರೋಮ್‌ನಲ್ಲಿ ಪೇಜಿನೊಂದಿಗೆ ನಡುವೆ ಬೇರೇನೂ ಮಾಡದೆ ಮತ್ತೆ ಎಸ್ಕೇಪ್ ಒತ್ತಿದರೆ ತಡೆಯಲಾಗುವುದಿಲ್ಲ. ಬಳಕೆದಾರನನ್ನು ಒಳಗೆ ಕೂಡಿಹಾಕಬಾರದೆಂದು ಬೇಕೆಂದೇ ಹಾಗೆ ಮಾಡಿದ್ದಾರೆ, ಅದು ಒಳ್ಳೆಯದೇ. ಎರಡನೆಯದು, ಫೈಲ್ ಇನ್‌ಪುಟ್ ಕೂಡ ಕ್ಯಾನ್ಸಲ್ ಎಂಬ ಹೆಸರಿನದೇ ಈವೆಂಟ್ ಕಳಿಸುತ್ತದೆ, ಮತ್ತು ಅದು ಬಬಲ್ ಆಗುತ್ತದೆ, ಅಂದರೆ ಹೊರಗಿನ ಪೇರೆಂಟುಗಳಿಗೂ ತಲುಪುತ್ತದೆ. ಡೈಲಾಗ್ ಒಳಗಿನ ಫೈಲ್ ಪಿಕರ್ ತೆರೆದು ಯಾವ ಫೈಲೂ ಆರಿಸದೆ ಮುಚ್ಚಿದರೆ, ಡೈಲಾಗಿಗೆ ಹಾಕಿದ ಕ್ಯಾನ್ಸಲ್ ಹ್ಯಾಂಡ್ಲರ್ ಓಡುತ್ತದೆ. ಟಾರ್ಗೆಟ್ ಡೈಲಾಗೇ ಹೌದೇ ಎಂದು ಹ್ಯಾಂಡ್ಲರಿನ ಮೊದಲ ಸಾಲಿನಲ್ಲಿ ನೋಡಿಕೊಳ್ಳಿ.

ಫೋಕಸ್ ವಿಷಯದಲ್ಲಿ ಡೀಫಾಲ್ಟ್ ಯಾವಾಗಲೂ ಸರಿಯಿರುವುದಿಲ್ಲ. ಉದ್ದದ ನಿಯಮಾವಳಿ ತೋರಿಸುವ ಡೈಲಾಗಿನಲ್ಲಿ ಮೊದಲ ಬಟನ್ ಕೆಳಗಡೆ ಇದ್ದರೆ, ತೆರೆದ ಕೂಡಲೇ ಅಲ್ಲಿಗೆ ಸ್ಕ್ರಾಲ್ ಆಗಿಬಿಡುತ್ತದೆ. ಅಂಥಲ್ಲಿ ಹೆಡ್ಡಿಂಗಿಗೆ ಟ್ಯಾಬ್‌ಇಂಡೆಕ್ಸ್ ಮೈನಸ್ 1 ಮತ್ತು ಆಟೊಫೋಕಸ್ ಕೊಡಿ. ಅಳಿಸುವ ಡೈಲಾಗಿನಲ್ಲಿ ಆಟೊಫೋಕಸ್ ರದ್ದು ಬಟನ್ನಿನ ಮೇಲಿರಲಿ. ಡೈಲಾಗ್ ಟ್ಯಾಗಿಗೇ ಟ್ಯಾಬ್‌ಇಂಡೆಕ್ಸ್ ಹಾಕಬಾರದು. ಸ್ಪೆಸಿಫಿಕೇಶನ್ ಅದನ್ನು ನೇರವಾಗಿಯೇ ನಿಷೇಧಿಸಿದೆ. ಹೆಡ್ಡಿಂಗಿನ ಐಡಿಯನ್ನು ಏರಿಯಾ-ಲೇಬಲ್ಡ್‌ಬೈಗೆ (aria-labelledby) ಕೊಡುವುದನ್ನು ಮರೆತರೆ ಸ್ಕ್ರೀನ್ ರೀಡರ್ ಬರೀ ಡೈಲಾಗ್ ಎಂದು ಓದಿ ಸುಮ್ಮನಾಗುತ್ತದೆ.

ಪಾಪ್‌ಓವರ್

ಮೆನು, ಟೂಲ್‌ಟಿಪ್, ಟೋಸ್ಟ್ (ಬಂದು ಹೋಗುವ ಚಿಕ್ಕ ಸೂಚನೆ), ಪ್ರೊಫೈಲ್ ಕಾರ್ಡ್, ಹೀಗೆ ಹಿಂದಿನ ಪೇಜನ್ನು ತಡೆಯದ ಎಲ್ಲಕ್ಕೂ ಇದು. ಯಾವ ಎಲಿಮೆಂಟಿಗೆ ಬೇಕಾದರೂ ಪಾಪ್‌ಓವರ್ ಅಟ್ರಿಬ್ಯೂಟ್ ಹಾಕಿ, ಒಂದು ಐಡಿ ಕೊಟ್ಟು, ಬಟನ್ನಿನ ಪಾಪ್‌ಓವರ್‌ಟಾರ್ಗೆಟ್‌ಗೆ ಅದೇ ಐಡಿ ಬರೆದರೆ ಸಾಕು. ಒಂದು ಸಾಲು ಜಾವಾಸ್ಕ್ರಿಪ್ಟ್ ಇಲ್ಲದೆ ತೆರೆಯುತ್ತದೆ, ಮುಚ್ಚುತ್ತದೆ, ಹೊರಗೆ ಒತ್ತಿದರೂ ಎಸ್ಕೇಪ್ ಒತ್ತಿದರೂ ಹೋಗುತ್ತದೆ. ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಬ್ರೌಸರೇ ಸ್ಕ್ರೀನ್ ರೀಡರಿಗೆ ತಿಳಿಸುತ್ತದೆ. ಟ್ಯಾಬ್ ಒತ್ತಿದರೆ ಫೋಕಸ್ ಬಟನ್ನಿನಿಂದ ನೇರ ಪಾಪ್‌ಓವರ್ ಒಳಗೆ ಹೋಗುತ್ತದೆ, ಅದು ಎಚ್‌ಟಿಎಂಎಲ್‌ನಲ್ಲಿ ಎಲ್ಲೇ ಇರಲಿ.

ಬಟನ್ ಫಾರ್ಮ್ ಒಳಗಿದ್ದರೆ ಟೈಪ್ ಬಟನ್ ಎಂದು ಬರೆಯಲೇಬೇಕು. ಟೈಪ್ ಇಲ್ಲದ ಬಟನ್ ಸಬ್ಮಿಟ್ ಬಟನ್. ಫಾರ್ಮ್ ಸಬ್ಮಿಟ್ ಆಗುತ್ತದೆ, ಪಾಪ್‌ಓವರ್ ತೆರೆಯುವುದಿಲ್ಲ.

ಆಟೊ ಎಂಬ ಡೀಫಾಲ್ಟ್ ಬಗೆಯಲ್ಲಿ ಒಂದು ತೆರೆದರೆ ಇನ್ನೊಂದು ಮುಚ್ಚುತ್ತದೆ. ಸಬ್‌ಮೆನು ತೆರೆದಾಗ ಮೇಲಿನ ಮೆನುವೇ ಮುಚ್ಚಿಹೋಗುತ್ತಿದ್ದರೆ, ಇವೆರಡಕ್ಕೂ ಇರುವ ಸಂಬಂಧ ಬ್ರೌಸರಿಗೆ ಗೊತ್ತಾಗಿಲ್ಲ ಎಂದರ್ಥ. ಸಬ್‌ಮೆನುವನ್ನು ಮೇಲಿನ ಮೆನುವಿನ ಒಳಗೇ ಬರೆಯಿರಿ, ಇಲ್ಲವೇ ಅದನ್ನು ತೆರೆಯುವ ಪಾಪ್‌ಓವರ್‌ಟಾರ್ಗೆಟ್ ಬಟನ್ ಮೇಲಿನ ಮೆನುವಿನ ಒಳಗಿರಲಿ. ಮ್ಯಾನ್ಯುಯಲ್ ಬಗೆ ಯಾರನ್ನೂ ಮುಚ್ಚುವುದಿಲ್ಲ, ತಾನಾಗಿ ಮುಚ್ಚುವುದೂ ಇಲ್ಲ, ಟೋಸ್ಟ್‌ಗಳಿಗೆ ಇದೇ. ಹಿಂಟ್ ಎಂಬ ಮೂರನೆಯದು ಟೂಲ್‌ಟಿಪ್‌ಗಾಗಿ, ತೆರೆದಿರುವ ಮೆನುವನ್ನು ಮುಚ್ಚದೆ ಬರುತ್ತದೆ. ಕ್ರೋಮ್ 133ರಲ್ಲಿ ಬಂತು. ಅದು ಗೊತ್ತಿಲ್ಲದ ಬ್ರೌಸರ್ ಮ್ಯಾನ್ಯುಯಲ್ ಎಂದೇ ತಿಳಿಯುವುದರಿಂದ ಮುಚ್ಚುವ ಕೋಡ್ ನಿಮ್ಮ ಕಡೆ ಇರಬೇಕು.

ಎಷ್ಟು ಒತ್ತಿದರೂ ಮುಚ್ಚದ ಮೆನು ನೋಡಿದ್ದೀರಾ? ಪಾಪ್‌ಓವರ್‌ಟಾರ್ಗೆಟ್ ಬಿಟ್ಟು ಬಟನ್ನಿನ ಕ್ಲಿಕ್ ಹ್ಯಾಂಡ್ಲರಿನಲ್ಲಿ ಟಾಗಲ್‌ಪಾಪ್‌ಓವರ್ ಕರೆದರೆ ಹೀಗಾಗುತ್ತದೆ. ಬಟನ್ ಪಾಪ್‌ಓವರಿನ ಹೊರಗಿದೆ, ಆದ್ದರಿಂದ ಅದರ ಮೇಲೆ ಒತ್ತಿ ಬಿಟ್ಟ ಕೂಡಲೇ ಬ್ರೌಸರ್ ಮೆನು ಮುಚ್ಚುತ್ತದೆ. ಮರುಗಳಿಗೆಯಲ್ಲೇ ಕ್ಲಿಕ್ ಈವೆಂಟ್ ಬಂದು ನಿಮ್ಮ ಟಾಗಲ್ ಅದನ್ನು ಮತ್ತೆ ತೆರೆಯುತ್ತದೆ. ಟೈಮರ್ ಇಟ್ಟು ಇದನ್ನು ತೇಪೆ ಹಚ್ಚುವವರಿದ್ದಾರೆ. ಪಾಪ್‌ಓವರ್‌ಟಾರ್ಗೆಟ್ ಬರೆದರೆ ತೇಪೆಯೇ ಬೇಡ, ಬಟನ್ನಿಗೂ ಮೆನುವಿಗೂ ನಂಟಿದೆ ಎಂದು ಬ್ರೌಸರಿಗೆ ತಿಳಿಯುತ್ತದೆ.

ಡೈಲಾಗ್ ಮತ್ತು ಪಾಪ್‌ಓವರ್ ಎರಡೂ ಒಂದೇ ಪೇಜಿನಲ್ಲಿ ಸೇರಿದಾಗ ಬರುವ ತೊಡಕು ಅತಿ ಹೆಚ್ಚು ಜನರನ್ನು ಕಾಡುವಂಥದ್ದು. ಮೋಡಲ್ ಡೈಲಾಗ್ ತೆರೆದಾಗ ಅದರ ಹೊರಗಿರುವ ಎಲ್ಲವೂ ಇನರ್ಟ್. ಆಮೇಲೆ ತೆರೆದ ಪಾಪ್‌ಓವರ್ ಟಾಪ್ ಲೇಯರಿನಲ್ಲಿ ಡೈಲಾಗಿಗಿಂತ ಮೇಲೆ ಕಾಣುತ್ತದೆ, ಆದರೆ ಎಚ್‌ಟಿಎಂಎಲ್‌ನಲ್ಲಿ ಡೈಲಾಗಿನ ಹೊರಗಿದ್ದರೆ ಅದೂ ಇನರ್ಟೇ. ಟೋಸ್ಟ್ ಕಣ್ಣಿಗೆ ಕಾಣುತ್ತದೆ, ಅದರ ಅನ್‌ಡು ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಇನ್ನು ಹಳೆಯ ಡೇಟ್ ಪಿಕರ್ ಲೈಬ್ರರಿಗಳ ಪಾಡು ಬೇರೆ: ಅವು ಬಾಡಿಯ ಕೊನೆಗೆ ತಮ್ಮ ಕ್ಯಾಲೆಂಡರ್ ಸೇರಿಸಿ ದೊಡ್ಡ ಝಡ್-ಇಂಡೆಕ್ಸ್ ಕೊಡುತ್ತವೆ, ಟಾಪ್ ಲೇಯರಿನಲ್ಲಿಲ್ಲದ ಕಾರಣ ಡೈಲಾಗಿನ ಅಡಿಗೆ ಹೋಗಿ ಅಡಗುತ್ತವೆ. ಎರಡಕ್ಕೂ ಪರಿಹಾರ ಒಂದೇ, ಆ ಎಲಿಮೆಂಟ್ ಡೈಲಾಗಿನ ಒಳಗೆ ಇರಬೇಕು. ಲೈಬ್ರರಿಗೆ ಯಾವ ಕಂಟೇನರಿಗೆ ಸೇರಿಸಬೇಕೆಂದು ಹೇಳುವ ಆಯ್ಕೆ ಇದ್ದರೆ ಡೈಲಾಗನ್ನೇ ಕೊಡಿ. ಅಂಥ ಆಯ್ಕೆಯಿಲ್ಲದ ಲೈಬ್ರರಿಯನ್ನು ಬದಲಿಸುವುದು ವಾಸಿ.

ಟೋಸ್ಟ್ ಬಗ್ಗೆ ಇನ್ನೊಂದು: ಮೊದಲು ತೆರೆದ ಟೋಸ್ಟ್ ಆಮೇಲೆ ತೆರೆದ ಡೈಲಾಗಿನ ಹಿಂದೆ ಬೀಳುತ್ತದೆ. ಒಮ್ಮೆ ಹೈಡ್ ಮಾಡಿ ಮತ್ತೆ ಶೋ ಮಾಡಿದರೆ ಮೇಲಕ್ಕೆ ಬರುತ್ತದೆ. ಟೋಸ್ಟಿನ ಮಾತನ್ನು ಸ್ಕ್ರೀನ್ ರೀಡರ್ ಓದಬೇಕಾದರೆ ರೋಲ್ ಸ್ಟೇಟಸ್ ಇರುವ ಪೆಟ್ಟಿಗೆ ಮೊದಲೇ ಪೇಜಿನಲ್ಲಿದ್ದು ಆಮೇಲೆ ಅಕ್ಷರ ಸೇರಬೇಕು. ಪಾಪ್‌ಓವರ್ ಅಟ್ರಿಬ್ಯೂಟ್ ಅದನ್ನು ಮಾಡಿಕೊಡುವುದಿಲ್ಲ. ಪಾಪ್‌ಓವರ್‌ಗೆ ಸ್ವಂತ ರೋಲ್ ಎಂಬುದೇ ಇಲ್ಲ.

ಆಂಕರ್ ಪೊಸಿಷನಿಂಗ್

ಟಾಪ್ ಲೇಯರಿಗೆ ಹೋದ ಮೆನು ತನ್ನ ಬಟನ್ನಿನ ಪಕ್ಕ ನಿಲ್ಲಬೇಕಲ್ಲ. ಪೊಸಿಷನ್ ರಿಲೇಟಿವ್ ಪೇರೆಂಟಿನ ಹಳೇ ಉಪಾಯ ಇಲ್ಲಿ ನಡೆಯುವುದಿಲ್ಲ. ಸ್ಕ್ರಾಲ್, ರೀಸೈಜ್ ಆದಾಗಲೆಲ್ಲ ಅಳತೆ ಹಾಕಿ ಲೆಫ್ಟ್, ಟಾಪ್ ಬರೆಯುವ ಜಾವಾಸ್ಕ್ರಿಪ್ಟ್ ಬೇಕಾಗುತ್ತಿತ್ತು. ಸಿಎಸ್‌ಎಸ್ ಆಂಕರ್ ಪೊಸಿಷನಿಂಗ್ ಆ ಕೆಲಸವನ್ನು ಬ್ರೌಸರಿಗೆ ವಹಿಸುತ್ತದೆ. ಕ್ರೋಮ್ 125ರಲ್ಲಿ, ಮೇ 2024ರಲ್ಲಿ ಬಂತು. ಸಫಾರಿ 26ರಲ್ಲಿ, ಸೆಪ್ಟೆಂಬರ್ 2025ರಲ್ಲಿ. ಫೈರ್‌ಫಾಕ್ಸ್ ಅವೆರಡರ ನಂತರ.

ಪಾಪ್‌ಓವರ್‌ಟಾರ್ಗೆಟ್‌ನಿಂದ ತೆರೆದ ಪಾಪ್‌ಓವರಿಗೆ ಆ ಬಟನ್ನೇ ಆಂಕರ್ (ಪಕ್ಕದಲ್ಲಿ ನಿಲ್ಲಲು ಆಧಾರ) ಆಗುತ್ತದೆ, ಹೆಸರಿಡುವ ಅಗತ್ಯವಿಲ್ಲ. ಪೊಸಿಷನ್-ಏರಿಯಾಗೆ ಬ್ಲಾಕ್-ಎಂಡ್ ಸ್ಪ್ಯಾನ್-ಇನ್‌ಲೈನ್-ಎಂಡ್ ಎಂದು ಕೊಟ್ಟರೆ ಮೆನು ಬಟನ್ನಿನ ಕೆಳಗೆ, ಆರಂಭದ ಅಂಚು ಹೊಂದಿಸಿಕೊಂಡು ನಿಲ್ಲುತ್ತದೆ. ಪೊಸಿಷನ್-ಟ್ರೈ-ಫಾಲ್‌ಬ್ಯಾಕ್ಸ್‌ಗೆ ಫ್ಲಿಪ್-ಬ್ಲಾಕ್ ಕೊಟ್ಟರೆ ಕೆಳಗೆ ಜಾಗ ಸಾಲದಿದ್ದಾಗ ಮೇಲಕ್ಕೆ ಹೋಗುತ್ತದೆ. ಮೆನು ಬಟನ್ನಿನಷ್ಟಾದರೂ ಅಗಲ ಇರಬೇಕೆಂದರೆ ಮಿನ್-ವಿಡ್ತ್‌ಗೆ ಆಂಕರ್-ಸೈಜ್ ಫಂಕ್ಷನ್.

ಮೊದಲ ಸಲ ಬರೆದಾಗ ಮೆನು ಬಟನ್ನಿನಿಂದ ದೂರ, ಏರಿಯಾದ ನಡುವೆ ಎಲ್ಲೋ ತೇಲುತ್ತಿದ್ದರೆ ಅದಕ್ಕೆ ಕಾರಣ ಪಾಪ್‌ಓವರಿಗೆ ಬ್ರೌಸರ್ ಮೊದಲೇ ಕೊಟ್ಟಿರುವ ಮಾರ್ಜಿನ್ ಆಟೊ ಮತ್ತು ಇನ್‌ಸೆಟ್ 0. ಮಾರ್ಜಿನ್ 0, ಇನ್‌ಸೆಟ್ ಆಟೊ ಎಂದು ಬರೆಯಿರಿ. ಬಟನ್ನಿನಿಂದ ಅಂತರ ಬೇಕಿದ್ದರೆ ಮಾರ್ಜಿನ್-ಬ್ಲಾಕ್ 4 ಪಿಕ್ಸೆಲ್ ಕೊಡಿ. ಎರಡೂ ಕಡೆ ಕೊಟ್ಟರೆ ಮೇಲೆ ಹೋದಾಗಲೂ ಕೆಳಗೆ ನಿಂತಾಗಲೂ ಅಂತರ ಉಳಿಯುತ್ತದೆ.

ಫಾಲ್‌ಬ್ಯಾಕ್ ಕೆಲಸ ಮಾಡುತ್ತಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಮ್ಯಾಕ್ಸ್-ಹೈಟ್ ಇರುತ್ತದೆ. ಫಾಲ್‌ಬ್ಯಾಕ್ ಆಯ್ಕೆಯಾಗುವುದು ಪೆಟ್ಟಿಗೆ ತನ್ನ ಜಾಗ ಮೀರಿದಾಗ ಮಾತ್ರ. ಪೊಸಿಷನ್-ಏರಿಯಾ ಬಳಸುವಾಗ ಮ್ಯಾಕ್ಸ್-ಹೈಟ್ 100 ಪರ್ಸೆಂಟ್ ಎಂದರೆ ಸ್ಕ್ರೀನಿನದ್ದಲ್ಲ, ಆ ಏರಿಯಾದ್ದು. ಹೀಗೆ ಬರೆದು ಓವರ್‌ಫ್ಲೋ ಆಟೊ ಕೊಟ್ಟರೆ ಮೆನು 40 ಪಿಕ್ಸೆಲ್ ಜಾಗದಲ್ಲೂ ಮುದುಡಿಕೊಂಡು ಹಿಡಿಸಿಬಿಡುತ್ತದೆ, ಮೀರುವುದೇ ಇಲ್ಲ, ಆದ್ದರಿಂದ ಮೇಲಕ್ಕೂ ಹೋಗುವುದಿಲ್ಲ. ಪೊಸಿಷನ್-ಟ್ರೈ-ಆರ್ಡರ್‌ಗೆ ಮೋಸ್ಟ್-ಬ್ಲಾಕ್-ಸೈಜ್ ಕೊಟ್ಟರೆ ಯಾವ ಕಡೆ ಎತ್ತರ ಹೆಚ್ಚಿದೆಯೋ ಅದನ್ನೇ ಮೊದಲು ಆರಿಸಿಕೊಳ್ಳುತ್ತದೆ.

ಜಾವಾಸ್ಕ್ರಿಪ್ಟಿನಿಂದ ತೆರೆಯುವಾಗ ಆಂಕರ್-ನೇಮ್, ಪೊಸಿಷನ್-ಆಂಕರ್ ಬರೆಯಬೇಕಾಗಬಹುದು. ಟೇಬಲಿನ ಎಲ್ಲ ಸಾಲುಗಳ ಬಟನ್ನಿಗೂ ಒಂದೇ ಆಂಕರ್-ನೇಮ್ ಇದ್ದರೆ, ಯಾವ ಸಾಲಿನ ಮೆನು ತೆರೆದರೂ ಕೊನೆಯ ಸಾಲಿನ ಬಟನ್ನಿಗೆ ಹೋಗಿ ಅಂಟಿಕೊಳ್ಳುತ್ತದೆ. ಒಂದೇ ಹೆಸರಿನ ಹಲವು ಆಂಕರುಗಳಿದ್ದರೆ ಕೊನೆಯದಕ್ಕೆ ಮನ್ನಣೆ. ಪ್ರತಿ ಸಾಲಿಗೂ ಆಂಕರ್-ಸ್ಕೋಪ್ ಕೊಟ್ಟು, ಮೆನುವನ್ನು ಆ ಸಾಲಿನ ಒಳಗೇ ಬರೆದರೆ ಹೆಸರು ಅಲ್ಲಿಗೇ ಸೀಮಿತವಾಗುತ್ತದೆ.

ಬೆಂಬಲವಿಲ್ಲದ ಬ್ರೌಸರಿಗಾಗಿ ನಾನು ಸೂಚಿಸುವ ಕ್ರಮ ಸರಳ. ಆಂಕರಿಗೆ ಸಂಬಂಧಿಸಿದ ಎಲ್ಲ ಪ್ರಾಪರ್ಟಿಗಳನ್ನೂ, ಆ ಮಾರ್ಜಿನ್ 0 ಮತ್ತು ಇನ್‌ಸೆಟ್ ಆಟೊ ಸಹಿತ, ಬೆಂಬಲ ಇದ್ದರಷ್ಟೇ ಅನ್ವಯಿಸುವ ಸಪೋರ್ಟ್ಸ್ ರೂಲಿನ ಒಳಗೆ ಇಡಿ. ಆಗ ಹಳೆಯ ಬ್ರೌಸರಿನಲ್ಲಿ ಮೆನು ಸ್ಕ್ರೀನಿನ ನಡುವೆ ತೆರೆಯುತ್ತದೆ. ಅಂದವಲ್ಲದಿರಬಹುದು, ಬಳಸಲು ಅಡ್ಡಿಯಿಲ್ಲ. ಮಾರ್ಜಿನ್ 0 ಹೊರಗೆ ಬಿಟ್ಟರೆ ಮಾತ್ರ ಅದು ಮೂಲೆಗೆ ಹೋಗಿ ನಿಲ್ಲುತ್ತದೆ.

ಆ್ಯನಿಮೇಶನ್

ಡಿಸ್‌ಪ್ಲೇ ನನ್‌ನಿಂದ ಬರುವ ಎಲಿಮೆಂಟಿಗೆ ಟ್ರಾನ್ಸಿಶನ್ ಶುರುಮಾಡಲು ಹಿಂದಿನ ಸ್ಥಿತಿಯೇ ಇರುವುದಿಲ್ಲ. ಅದನ್ನು ಕೊಡುವುದು ಸ್ಟಾರ್ಟಿಂಗ್-ಸ್ಟೈಲ್ ರೂಲ್. ಮುಚ್ಚುವಾಗ ಡಿಸ್‌ಪ್ಲೇ ತಕ್ಷಣ ನನ್ ಆಗದಂತೆ ತಡೆಯುವುದು ಟ್ರಾನ್ಸಿಶನ್ ಪಟ್ಟಿಯಲ್ಲಿ ಡಿಸ್‌ಪ್ಲೇ ಹೆಸರಿನ ಜೊತೆ ಬರೆಯುವ ಅಲೌ-ಡಿಸ್ಕ್ರೀಟ್. ಓವರ್‌ಲೇ ಎಂಬ ಪ್ರಾಪರ್ಟಿಯನ್ನೂ ಅದೇ ರೀತಿ ಪಟ್ಟಿಗೆ ಸೇರಿಸಬೇಕು. ಇಲ್ಲದಿದ್ದರೆ ಮುಚ್ಚುವ ಕ್ಷಣದಲ್ಲೇ ಎಲಿಮೆಂಟ್ ಟಾಪ್ ಲೇಯರಿನಿಂದ ಇಳಿದು, ಮಸುಕಾಗುತ್ತಿರುವಾಗಲೇ ಹೆಡರಿನ ಹಿಂದೆ ಸೇರಿಕೊಳ್ಳುತ್ತದೆ.

ಎರಡು ತಪ್ಪುಗಳು ಸಾಮಾನ್ಯ. ಸ್ಟಾರ್ಟಿಂಗ್-ಸ್ಟೈಲ್ ರೂಲ್ ಸ್ಪೆಸಿಫಿಸಿಟಿ (ಯಾವ ರೂಲ್ ಗೆಲ್ಲಬೇಕೆಂದು ತೀರ್ಮಾನಿಸುವ ತೂಕ) ಹೆಚ್ಚಿಸುವುದಿಲ್ಲ, ಆದ್ದರಿಂದ ತೆರೆದ ಸ್ಥಿತಿಯ ರೂಲಿನ ಕೆಳಗೆ ಬರೆಯಬೇಕು. ಮೇಲೆ ಬರೆದರೆ ಅದನ್ನು ಮುಂದಿನ ರೂಲ್ ಅಳಿಸುತ್ತದೆ, ಆ್ಯನಿಮೇಶನ್ ಸದ್ದಿಲ್ಲದೆ ಮಾಯ. ಹಾಗೆಯೇ ಟ್ರಾನ್ಸಿಶನ್-ಬಿಹೇವಿಯರ್ ಅನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯುವುದಾದರೆ ಟ್ರಾನ್ಸಿಶನ್ ಶಾರ್ಟ್‌ಹ್ಯಾಂಡಿನ ನಂತರ ಬರೆಯಿರಿ, ಮುಂಚೆ ಬರೆದರೆ ಶಾರ್ಟ್‌ಹ್ಯಾಂಡ್ ಅದನ್ನು ಡೀಫಾಲ್ಟಿಗೆ ತರುತ್ತದೆ. ಬ್ಯಾಕ್‌ಡ್ರಾಪಿಗೂ ಇವೆಲ್ಲವನ್ನೂ ಬೇರೆಯಾಗಿಯೇ ಬರೆಯಬೇಕು. ಫೈರ್‌ಫಾಕ್ಸ್ 129 ಆಗಸ್ಟ್ 2024ರಲ್ಲಿ ಬಂದಾಗಿನಿಂದ ಸ್ಟಾರ್ಟಿಂಗ್-ಸ್ಟೈಲ್ ಎಲ್ಲ ಮುಖ್ಯ ಬ್ರೌಸರುಗಳಲ್ಲಿದೆ. ಇಲ್ಲದಿದ್ದ ಕಡೆ ಆ್ಯನಿಮೇಶನ್ ಇಲ್ಲದೆ ತೆರೆಯುತ್ತದೆ, ಅದರಿಂದ ಯಾರಿಗೂ ನಷ್ಟವಿಲ್ಲ.

ಕಮಾಂಡ್ ಅಟ್ರಿಬ್ಯೂಟ್

ಪಾಪ್‌ಓವರಿಗೆ ಪಾಪ್‌ಓವರ್‌ಟಾರ್ಗೆಟ್ ಇದ್ದಂತೆ ಡೈಲಾಗಿಗೆ ಏನೂ ಇರಲಿಲ್ಲ. ಈಗ ಬಟನ್ನಿಗೆ ಕಮಾಂಡ್‌ಫಾರ್ ಮತ್ತು ಕಮಾಂಡ್ ಎಂಬ ಎರಡು ಅಟ್ರಿಬ್ಯೂಟುಗಳು ಬಂದಿವೆ. ಮೊದಲನೆಯದಕ್ಕೆ ಐಡಿ, ಎರಡನೆಯದಕ್ಕೆ ಶೋ-ಮೋಡಲ್, ಕ್ಲೋಸ್, ಟಾಗಲ್-ಪಾಪ್‌ಓವರ್ ಮುಂತಾದವು. ಎರಡು ಹೈಫನ್‌ನಿಂದ ಶುರುವಾಗುವ ನಿಮ್ಮದೇ ಹೆಸರನ್ನೂ ಕೊಟ್ಟು ಟಾರ್ಗೆಟ್ ಎಲಿಮೆಂಟಿನಲ್ಲಿ ಕಮಾಂಡ್ ಈವೆಂಟ್ ಕೇಳಬಹುದು. ಕ್ರೋಮ್ 135, ಫೈರ್‌ಫಾಕ್ಸ್ 144, ಸಫಾರಿ 26.2 ಇದನ್ನು ಬೆಂಬಲಿಸುತ್ತವೆ. ಇಲ್ಲದ ಕಡೆ ಬಟನ್ ಸತ್ತಂತಿರುತ್ತದೆ, ಆದ್ದರಿಂದ ಇದಕ್ಕೆ ಮಾತ್ರ ಚಿಕ್ಕ ಜಾವಾಸ್ಕ್ರಿಪ್ಟ್ ಬದಲಿ ಇನ್ನೂ ಕೆಲ ಕಾಲ ಇರಲಿ.

ಯಾವುದನ್ನು ಮೊದಲು ಬದಲಿಸುವುದು

ಬೇಸ್‌ಲೈನ್ ಎಂಬ ಗುರುತು ಎಲ್ಲರಿಗೂ ಪರಿಚಿತ: ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ಎಲ್ಲದರಲ್ಲೂ ಬಂದ ದಿನ ಹೊಸದಾಗಿ ಲಭ್ಯ, ಅಲ್ಲಿಂದ 30 ತಿಂಗಳಾದ ಮೇಲೆ ವ್ಯಾಪಕವಾಗಿ ಲಭ್ಯ. ಡೈಲಾಗ್ ಆ ಎರಡನೇ ಹಂತ ದಾಟಿದೆ. ಪಾಪ್‌ಓವರ್ ಫೈರ್‌ಫಾಕ್ಸ್ 125ರ ಮೂಲಕ ಏಪ್ರಿಲ್ 2024ರಲ್ಲೇ ಎಲ್ಲ ಕಡೆ ಬಂದಿತ್ತು. ಆದರೆ ಐಫೋನಿನ ಸಫಾರಿಯಲ್ಲಿ ಹೊರಗೆ ಮುಟ್ಟಿದರೆ ಮುಚ್ಚದ ದೋಷ ಇದ್ದುದರಿಂದ, ಅದು 18.3ರಲ್ಲಿ ಸರಿಯಾದ ಮೇಲೆ ಜನವರಿ 2025ರ ದಿನಾಂಕವನ್ನೇ ಬೇಸ್‌ಲೈನ್ ಹಿಡಿದುಕೊಂಡಿದೆ. ಆ ಹಳೆಯ ಐಫೋನುಗಳು ನಿಮ್ಮ ಬಳಕೆದಾರರಲ್ಲಿದ್ದರೆ ಪಾಪ್‌ಓವರ್ ಒಳಗೊಂದು ಮುಚ್ಚುವ ಬಟನ್ ಇಡಿ, ಹೈಡ್ ಕ್ರಿಯೆಯ ಪಾಪ್‌ಓವರ್‌ಟಾರ್ಗೆಟ್ ಸಾಕು.

ನನ್ನ ದೃಷ್ಟಿಯಲ್ಲಿ ಬೇಸ್‌ಲೈನ್ ಹಂತಕ್ಕಿಂತ ಮುಖ್ಯವಾದದ್ದು, ಬೆಂಬಲ ಇಲ್ಲದಾಗ ಪೇಜ್ ಹೇಗೆ ಕಾಣುತ್ತದೆ ಎಂಬುದು. ಪಾಪ್‌ಓವರ್ ಗೊತ್ತಿಲ್ಲದ ಬ್ರೌಸರಿನಲ್ಲಿ ಆ ಅಟ್ರಿಬ್ಯೂಟಿಗೆ ಅರ್ಥವಿಲ್ಲ, ಹಾಗಾಗಿ ನಿಮ್ಮ ಮೆನುಗಳೆಲ್ಲ ಪೇಜಿನ ನಡುವೆ ತೆರೆದೇ ಇರುತ್ತವೆ. ಅಂಥವರು ಇದ್ದಾರೆಂದಾದರೆ ಆಡ್‌ಬರ್ಡ್‌ನವರ ಪಾಲಿಫಿಲ್ (ಬ್ರೌಸರಿನಲ್ಲಿಲ್ಲದ ಸೌಲಭ್ಯವನ್ನು ಅನುಕರಿಸುವ ಕೋಡ್) ಇದೆ, ಆದರೆ ಯಾವ ಪಾಲಿಫಿಲ್ಲೂ ನಿಜವಾದ ಟಾಪ್ ಲೇಯರ್ ಕೊಡಲಾರದು. ಅಲ್ಲಿ ಮತ್ತೆ ಝಡ್-ಇಂಡೆಕ್ಸೇ ಗತಿ.

ಹಳೆಯ ಪ್ರಾಜೆಕ್ಟಿನಲ್ಲಿ ಖಚಿತಪಡಿಸುವ ಮೋಡಲ್‌ಗಳಿಂದ ಶುರುಮಾಡಿ. ಅವು ಚಿಕ್ಕವು, ಒಳಗೆ ಬೇರೆ ವಿಜೆಟ್ ಇರುವುದಿಲ್ಲ, ಫೋಕಸ್ ಟ್ರ್ಯಾಪ್ ಲೈಬ್ರರಿಯನ್ನು ಕೂಡಲೇ ತೆಗೆಯಬಹುದು. ಆಮೇಲೆ ಟೋಸ್ಟ್, ಏಕೆಂದರೆ ಮೋಡಲ್ ಟಾಪ್ ಲೇಯರಿಗೆ ಹೋದ ದಿನದಿಂದ ಹಳೇ ಟೋಸ್ಟ್ ಅದರ ಹಿಂದೆ ಬೀಳುತ್ತಿರುತ್ತದೆ. ನಂತರ ಡ್ರಾಪ್‌ಡೌನ್‌ಗಳು. ಫಾರ್ಮ್ ತುಂಬಿದ ದೊಡ್ಡ ಮೋಡಲ್‌ಗಳು ಕೊನೆಗಿರಲಿ. ಒಳಗಿನ ಡೇಟ್ ಪಿಕರ್, ಆಟೊಕಂಪ್ಲೀಟ್ ಒಂದೊಂದೂ ಡೈಲಾಗಿನ ಒಳಗೇ ತೆರೆಯುತ್ತಿದೆಯೇ ಎಂದು ನೋಡಿಯೇ ಬದಲಿಸಬೇಕು.

ಡ್ರಾಪ್‌ಡೌನ್‌ಗೆ ರೋಲ್ ಮೆನು ಕೊಡುವ ಯೋಚನೆಯಿದ್ದರೆ, ಬಾಣದ ಕೀಲಿಗಳಿಂದ ಮೇಲೆ ಕೆಳಗೆ ಓಡಾಡುವುದು, ಹೋಮ್, ಎಂಡ್, ಅಕ್ಷರ ಒತ್ತಿ ಹುಡುಕುವುದು ಇದ್ಯಾವುದನ್ನೂ ಪಾಪ್‌ಓವರ್ ಮಾಡುವುದಿಲ್ಲ. ಆ ಕೋಡ್ ನಿಮ್ಮದೇ. ಒಳಗಿರುವುದು ಬರೀ ಲಿಂಕುಗಳಾದರೆ ರೋಲ್ ಮೆನು ಹಾಕದೆ ನ್ಯಾವ್ ಟ್ಯಾಗಿನೊಳಗೆ ಸಾದಾ ಪಟ್ಟಿ ಬರೆಯಿರಿ, ಟ್ಯಾಬ್ ಕೀಲಿ ಸಾಕಾಗುತ್ತದೆ.